ಒಂದೇ ಹೆಸರಿನ ಎರಡು ಟರ್ಮಿನೇಟರ್

(ಬಾಗಲಕೋಟೆ ಜಿಲ್ಲೆಯ ಗಲಗಲಿಯಲ್ಲಿ ರೈತರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಪಠ್ಯ)



ನಾನು ವಿಜ್ಞಾನಿಯಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ವರದಿಗಾರಿಕೆಗೆ ಇಳಿದವಳು. ಗಿಡದ ವಂಶವಾಹಿಯ ಬಗ್ಗೆ ಮಾತನಾಡಲು ನನ್ನನ್ನು ಏಕೆ ಕರೆದಿರಿ ಎಂಬ ಪ್ರಶ್ನೆಗೆ ಒಂದೇ ಉತ್ತರ: ಈ ವಿಷಯದಲ್ಲಿ ನಾನು ಬಹಿರಂಗವಾಗಿ ತಪ್ಪು ಮಾಡಿದ್ದೇನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಹತ್ತಿ ಬೀಜದ ಪ್ರಯೋಗಾಲಯ ವರದಿ ನನ್ನ ಕೈಗೆ ಬಂತು. ಅದರಲ್ಲಿ ಒಂದು ಸಾಲು: ‘ನಾಸ್ ಟರ್ಮಿನೇಟರ್: ಇದೆ.’ ನಾನು ಹಿಂದೆ ಮುಂದೆ ನೋಡಲಿಲ್ಲ. ‘ಹತ್ತಿಯಲ್ಲಿ ಬೀಜ ಬಂಜೆ ಮಾಡುವ ಟರ್ಮಿನೇಟರ್ ಪತ್ತೆ’ ಎಂದು ಬರೆದೆ. ಸುದ್ದಿ ದೊಡ್ಡದಾಗಿಯೇ ಅಚ್ಚಾಯಿತು. ಮರುದಿನ ನಿವೃತ್ತ ಅಧ್ಯಾಪಕರೊಬ್ಬರು ಫೋನ್ ಮಾಡಿ, ‘ನೀವು ಓದಿದ ಶಬ್ದ ಸರಿ, ತಿಳಿದ ಅರ್ಥ ತಪ್ಪು’ ಎಂದರು. ನಾಲ್ಕು ಸಾಲಿನ ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಬಂತು. ತಿದ್ದುಪಡಿಯನ್ನು ಯಾರು ಓದುತ್ತಾರೆ?

ಇವತ್ತು ಸಭೆಗೆ ಮುಂಚೆ ಚಹ ಕುಡಿಯುವಾಗ ಹಿರಿಯರೊಬ್ಬರು ಹತ್ತಿರ ಬಂದು, ‘ತಂಗಿ, ಆ ಟರ್ಮಿನೇಟರ್ ಅಂತಾರಲ್ಲ, ಅದು ನಮ್ಮ ಹತ್ತ್ಯಾಗ ಐತೋ ಇಲ್ಲೋ? ಒಂದ್ ಮಾತಿನ್ಯಾಗ ಹೇಳು’ ಎಂದರು. ಒಂದು ಮಾತಿನಲ್ಲಿ ಹೇಳಲಾಗದು ಎಂದೇ ಈ ಭಾಷಣ. ಐದೆ ಎಂದರೂ ಸುಳ್ಳಲ್ಲ, ಇಲ್ಲ ಎಂದರೂ ಸುಳ್ಳಲ್ಲ.

ಮೊದಲು ಚರಿತ್ರೆ. 1998ರ ಮಾರ್ಚ್‌ನಲ್ಲಿ ಅಮೆರಿಕದ ಡೆಲ್ಟಾ ಅಂಡ್ ಪೈನ್ ಲ್ಯಾಂಡ್ ಎಂಬ ಹತ್ತಿ ಬೀಜದ ಕಂಪನಿಗೂ ಆ ದೇಶದ ಕೃಷಿ ಇಲಾಖೆಗೂ ಜಂಟಿಯಾಗಿ ಒಂದು ಪೇಟೆಂಟ್ ಸಿಕ್ಕಿತು. ಮಾರುವ ಮುನ್ನ ಬೀಜಕ್ಕೆ ಒಂದು ರಾಸಾಯನಿಕದ ಉಪಚಾರ ಮಾಡುವುದು. ಅದು ಬೆಳೆದು ಫಲ ಕೊಡುತ್ತದೆ. ಆದರೆ ಆ ಫಲದೊಳಗಿನ ಬೀಜ ಬಲಿಯುವ ಹೊತ್ತಿಗೆ ವಿಷದ ಪ್ರೋಟೀನ್ ತಯಾರಾಗಿ ಮೊಳಕೆಯನ್ನೇ ಕೊಲ್ಲುತ್ತದೆ. ಪೇಟೆಂಟ್‌ನಲ್ಲಿ ಇದರ ಹೆಸರು ತಣ್ಣಗಿತ್ತು, ಸಸ್ಯದ ವಂಶವಾಹಿಗಳ ನಿಯಂತ್ರಣ ಎಂಬಂತೆ. ‘ಟರ್ಮಿನೇಟರ್’ ಎಂದು ಹೆಸರಿಟ್ಟು ಲೋಕಕ್ಕೆ ಸಾರಿದ್ದು ಅದನ್ನು ವಿರೋಧಿಸಿದ ಕೆನಡಾದ ಒಂದು ಸಂಸ್ಥೆ. ಸಿನಿಮಾದ ಹೆಸರು, ಬೇಗ ಬಾಯಿಗೆ ಬಂತು.

ಅದೇ ವರ್ಷ ನಮ್ಮ ರಾಜ್ಯದಲ್ಲಿ ಬಿಟಿ ಹತ್ತಿಯ ಕ್ಷೇತ್ರ ಪ್ರಯೋಗ ನಡೆದಿತ್ತು. ನವೆಂಬರ್ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘ ‘ಮಾನ್ಸಾಂಟೊ ದಹನ’ಕ್ಕೆ ಕರೆ ಕೊಟ್ಟು ರಾಯಚೂರು ಜಿಲ್ಲೆಯ ಪ್ರಯೋಗದ ಹತ್ತಿ ಗಿಡಗಳನ್ನು ಕಿತ್ತು ಸುಟ್ಟಿತು. ರೈತರಿಗೆ ಸರಿಯಾಗಿ ತಿಳಿಸದೆ ಅವರ ಹೊಲದಲ್ಲೇ ಪ್ರಯೋಗ ನಡೆಸಿದ್ದಾರೆ ಎಂಬ ಅವರ ಆಕ್ಷೇಪ ತಳ್ಳಿಹಾಕುವಂಥದಲ್ಲ ಎಂದು ನನ್ನ ಅಭಿಪ್ರಾಯ. ಆದರೆ ಊರೂರಿಗೆ ಹಬ್ಬಿದ ಸುದ್ದಿ ಬೇರೆ: ಆ ಹತ್ತಿಯಲ್ಲಿ ಟರ್ಮಿನೇಟರ್ ಇದೆ, ಪಕ್ಕದ ಹೊಲದ ಬೀಜವನ್ನೂ ಬಂಜೆ ಮಾಡುತ್ತದೆ ಎಂದು. ಬಂಜೆ ಬೀಜದ ತಂತ್ರ ಆ ಗಿಡಗಳಲ್ಲಿ ಇರಲಿಲ್ಲ. ಆಮೇಲೂ ಅದು ಯಾವ ದೇಶದಲ್ಲೂ ಮಾರಾಟಕ್ಕೆ ಬರಲಿಲ್ಲ. 1999ರಲ್ಲಿ ಮಾನ್ಸಾಂಟೊ ಅದನ್ನು ಮಾರುಕಟ್ಟೆಗೆ ತರುವುದಿಲ್ಲ ಎಂದು ಹೇಳಿಕೆ ಕೊಟ್ಟಿತು. ನಮ್ಮ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅಂಥ ತಂತ್ರವಿರುವ ತಳಿಗೆ ನೋಂದಣಿಯನ್ನೇ ನಿಷೇಧಿಸಿದೆ.

ಹಾಗಾದರೆ ನನ್ನ ಕೈಗೆ ಬಂದ ವರದಿಯಲ್ಲಿದ್ದ ಟರ್ಮಿನೇಟರ್ ಯಾವುದು? ಅದನ್ನು ಹೇಳಲು ಸ್ವಲ್ಪ ಗಿಡದ ಒಳಗೆ ಹೋಗಬೇಕು.

ಜೀವಕೋಶದ ನಡುವೆ ಕೋಶಕೇಂದ್ರವಿದೆ. ಅಲ್ಲಿ ಡಿಎನ್‌ಎ ಎಂಬ ಮೂಲಗ್ರಂಥ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಗ್ರಂಥ ಹೊರಗೆ ಬರುವುದಿಲ್ಲ. ಬೇಕಾದ ಭಾಗದ ನಕಲು ಮಾತ್ರ ಹೊರಗೆ ಹೋಗುತ್ತದೆ. ಆ ನಕಲೇ ಸಂದೇಶವಾಹಕ ಆರ್‌ಎನ್‌ಎ, ಎಂಆರ್‌ಎನ್‌ಎ. ಕೊರೊನಾ ಕಾಲದ ಲಸಿಕೆಗಳಿಂದ ಈ ಹೆಸರು ಎಲ್ಲರ ಕಿವಿಗೂ ಬಿದ್ದಿದೆ. ನಕಲಿನಲ್ಲಿ ‘ಟಿ’ ಬದಲು ‘ಯು’ ಬರುತ್ತದೆ, ಅಷ್ಟೆ. ಹೊರಗಿನ ಕಾರ್ಖಾನೆ ಈ ನಕಲನ್ನು ಓದಿ ಪ್ರೋಟೀನ್ ಕಟ್ಟುತ್ತದೆ.

ನಕಲು ಮಾಡುವ ಯಂತ್ರಕ್ಕೆ ಒಂದು ವಿಚಿತ್ರ ಗುಣ. ಎಲ್ಲಿ ಶುರು ಮಾಡಬೇಕೆಂದು ಅದಕ್ಕೆ ಗೊತ್ತು, ಎಲ್ಲಿ ನಿಲ್ಲಿಸಬೇಕೆಂದು ತಾನಾಗಿ ಗೊತ್ತಿಲ್ಲ. ವಂಶವಾಹಿಯ ಮಾತು ಮುಗಿದರೂ ನಕಲು ಮಾಡುತ್ತ ಓಡುತ್ತಲೇ ಇರುತ್ತದೆ. ಹಿಂದಿನಿಂದ ಕತ್ತರಿಯ ತಂಡವೊಂದು ಬರುತ್ತದೆ. ಹತ್ತಾರು ಪ್ರೋಟೀನ್‌ಗಳ ತಂಡ ಅದು. ನಕಲಿನಲ್ಲಿ ಕೆಲವು ಗುರುತುಗಳನ್ನು ಕಂಡು, ಗೊತ್ತಾದ ಜಾಗದಲ್ಲಿ ಕತ್ತರಿಸುತ್ತದೆ. ಕತ್ತರಿಸಿದ ತುದಿಗೆ ಕೂಡಲೇ ಇನ್ನೊಂದು ಕಿಣ್ವ ‘ಎ’ ಅಕ್ಷರವನ್ನು ಒಂದರ ಹಿಂದೊಂದು ಜೋಡಿಸುತ್ತದೆ: ಎ ಎ ಎ ಎ ಎ, ಹತ್ತಾರು, ಕೆಲವೊಮ್ಮೆ ನೂರು ದಾಟಿ. ಅತ್ತ ಯಂತ್ರದ ಬಾಯಲ್ಲಿ ಉಳಿದ ತುಂಡನ್ನು ಮತ್ತೊಂದು ಕಿಣ್ವ ಹಿಂದಿನಿಂದ ತಿನ್ನುತ್ತ ಹೋಗಿ ಯಂತ್ರವನ್ನು ಮುಟ್ಟಿ ಬೀಳಿಸುತ್ತದೆ. ಆಗಲೇ ನಕಲು ನಿಲ್ಲುವುದು.

ಈ ‘ಎ’ಗಳ ಸಾಲು ಮೂಲಗ್ರಂಥದಲ್ಲಿ ಬರೆದಿಲ್ಲ ಎಂಬುದನ್ನು ಗಮನಿಸಬೇಕು. ಇಳಕಲ್ಲ ಸೀರೆಯನ್ನು ನೋಡಿ. ಮೈಯ ಹಾಸೇ ಮುಂದುವರಿದು ಸೆರಗಾಗುವುದಿಲ್ಲ. ಸೆರಗಿನ ಹಾಸು ಬೇರೆ, ರೇಷ್ಮೆಯದು. ಮೈಯ ಹಾಸಿನ ಎಳೆಗೆ ಅದರ ಎಳೆಯನ್ನು ಕೊಂಡಿ ಹಾಕಿ ಸೇರಿಸುತ್ತಾರೆ. ರಬಕವಿ, ಬನಹಟ್ಟಿಯ ನೇಕಾರರು ಇಲ್ಲಿದ್ದರೆ ನನಗಿಂತ ಚೆನ್ನಾಗಿ ಹೇಳಿಯಾರು. ಎಂಆರ್‌ಎನ್‌ಎ ಕೂಡ ಹಾಗೇ: ಮೈ ನಕಲಾಗಿ ಬಂದದ್ದು, ಸೆರಗು ಆಮೇಲೆ ಕೂಡಿಸಿದ್ದು. ಇನ್ನೊಂದು ತುದಿಗೆ, ಅಂದರೆ ತಲೆಯ ಕಡೆಗೆ, ನಕಲು ಶುರುವಾದ ಕೂಡಲೇ ತಿರುವುಮುರುವಾಗಿ ಕೂರಿಸಿದ ಒಂದು ‘ಜಿ’ ಅಕ್ಷರದ ಟೊಪ್ಪಿಗೆ ಬರುತ್ತದೆ.

ಟೊಪ್ಪಿಗೆ, ಸೆರಗು ಎರಡೂ ಅಲಂಕಾರಕ್ಕಲ್ಲ. ಜೀವಕೋಶದಲ್ಲಿ ಆರ್‌ಎನ್‌ಎಯನ್ನು ತುದಿಯಿಂದ ಕಡಿದು ತಿನ್ನುವ ಕಿಣ್ವಗಳು ತುಂಬಿವೆ. ಸೆರಗಿದ್ದರೆ ಅವು ಮೊದಲು ಸೆರಗನ್ನು ತಿನ್ನಬೇಕು, ಅಲ್ಲಿಯವರೆಗೆ ಮಾತು ಸುರಕ್ಷಿತ. ಸೆರಗಿಲ್ಲದ ನಕಲು ಕೋಶಕೇಂದ್ರದ ಬಾಗಿಲು ದಾಟುವುದೂ ಕಷ್ಟ. ಕಾರ್ಖಾನೆಗೆ ಬಂದ ಮೇಲೆ ಸೆರಗನ್ನು ಹಿಡಿದ ಪ್ರೋಟೀನ್ ಟೊಪ್ಪಿಗೆಯನ್ನು ಹಿಡಿದ ಪ್ರೋಟೀನ್‌ಗೆ ಕೈಕೊಟ್ಟು ಇಡೀ ಓಲೆಯನ್ನು ಬಳೆಯಂತೆ ಬಾಗಿಸುತ್ತದೆ. ಓದುವ ಕೆಲಸ ಆಗ ಸಲೀಸು. ಫೈಜರ್ ಲಸಿಕೆಯನ್ನು ರೂಪಿಸಿದವರು ಅದರ ಎಂಆರ್‌ಎನ್‌ಎಗೆ ಸೆರಗನ್ನು ಲೆಕ್ಕಹಾಕಿಯೇ ಇಟ್ಟರು: 30 ‘ಎ’, ನಡುವೆ 10 ಬೇರೆ ಅಕ್ಷರ, ಮತ್ತೆ 70 ‘ಎ’.

ಈಗ ಮುಖ್ಯ ಪ್ರಶ್ನೆ. ಕತ್ತರಿಯ ತಂಡಕ್ಕೆ ಎಲ್ಲಿ ಕತ್ತರಿಸಬೇಕೆಂದು ಗೊತ್ತಾಗುವುದು ಹೇಗೆ?

ಇದಕ್ಕೆ ಹೋಲಿಕೆ ಹುಡುಕಲು ನಿಮ್ಮ ಊರು ಬಿಟ್ಟು ಹೊರಗೆ ಹೋಗಬೇಕಿಲ್ಲ. ಗಲಗಲಿ ಅವ್ವ ಎಂಬ ಹರಿದಾಸಿಯ ಊರು ಇದು. ಕೃಷ್ಣೆ ಇಲ್ಲಿಂದ ಕೆಳಗೆ ಹರಿದರೆ ಕೂಡಲಸಂಗಮ. ದಾಸರ ಪದವಿರಲಿ, ಶರಣರ ವಚನವಿರಲಿ, ಅಂಕಿತ ಬಂತೆಂದರೆ ಮಾತು ಮುಗಿಯುತ್ತ ಬಂತು ಎಂದು ಕೇಳುವವರಿಗೆ ಗೊತ್ತು. ಆದರೆ ‘ವಿಠಲ’ ಎಂಬ ಶಬ್ದ ಪದದ ನಡುವೆಯೂ ಬರಬಹುದು. ಅಲ್ಲಿಗೇ ಮುಗಿಯಿತೆಂದು ಹಾಡುವವರು ತಾಳ ಕೆಳಗಿಡುವುದಿಲ್ಲ. ಹಿಂದು ಮುಂದಿನ ಸಾಲು ನೋಡಿ ಅದು ಬರಿಯ ಹೆಸರೋ ಅಂಕಿತವೋ ಎಂದು ತಿಳಿಯುತ್ತಾರೆ.

ಪ್ರಾಣಿಗಳ ಎಂಆರ್‌ಎನ್‌ಎಯಲ್ಲಿ ಅಂಕಿತ ಬಹುಮಟ್ಟಿಗೆ ಸ್ಪಷ್ಟ. ‘ಎಎಯುಎಎಎ’ ಎಂಬ ಆರು ಅಕ್ಷರ ಕಂಡರೆ ಅದರಿಂದ ಸ್ವಲ್ಪ ಮುಂದೆ ಕತ್ತರಿ ಬೀಳುತ್ತದೆ. ಇಂಗ್ಲೆಂಡಿನ ಪ್ರೌಡ್‌ಫುಟ್ ಮತ್ತು ಬ್ರೌನ್‌ಲೀ 1976ರಲ್ಲಿ ಇದನ್ನು ತೋರಿಸಿಕೊಟ್ಟರು. ಗಿಡಗಳಲ್ಲೂ ಹೀಗೇ ಇರಬೇಕೆಂದು ಎಲ್ಲರೂ ಎಣಿಸಿದ್ದರು. ಹಾಗಿರಲಿಲ್ಲ. ಸಾಸಿವೆಯ ಕುಲಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆ ಸಸ್ಯವಿಜ್ಞಾನಿಗಳ ಪ್ರಯೋಗದ ಗಿಡ. ಅದರಲ್ಲಿ ಈ ಆರು ಅಕ್ಷರ ತದ್ವತ್ತಾಗಿ ಇರುವುದು ಹತ್ತರಲ್ಲಿ ಒಂದು ವಂಶವಾಹಿಯಲ್ಲಿ, ಸುಮಾರಾಗಿ. ಉಳಿದವುಗಳಲ್ಲಿ ಅದರ ನೆಂಟರಿಷ್ಟರಂಥ, ‘ಎ’ ‘ಯು’ ಹೆಚ್ಚಿರುವ ಯಾವುದೋ ಒಂದು ಜೋಡಣೆ. ಅದರ ಹಿಂದೆ ದೂರದಲ್ಲಿ ‘ಯು’ ದಟ್ಟವಾದ ಇನ್ನೊಂದು ಪಟ್ಟಿ. ಕತ್ತರಿ ಬೀಳುವ ಜಾಗದ ಸುತ್ತಲೂ ‘ಯು’ಗಳು. ಯಾವ ಒಂದು ಗುರುತೂ ಖಡ್ಡಾಯವಲ್ಲ. ಎಲ್ಲ ಸೇರಿ ಸಾಕಷ್ಟು ಬಲ ಬಂದರೆ ಕತ್ತರಿ. ಗಿಡ ಅಂಕಿತವನ್ನು ಅಕ್ಷರ ಹಿಡಿದು ಓದುವುದಿಲ್ಲ, ಧಾಟಿ ಹಿಡಿದು ಓದುತ್ತದೆ. ಎಂದೇ ಪ್ರಾಣಿಗಳ ವಂಶವಾಹಿಯ ಕೊನೆಯನ್ನು ಗಿಡದೊಳಗೆ ಇಟ್ಟರೆ ಅದು ಸರಿಯಾಗಿ ಓದಿಕೊಳ್ಳುವುದಿಲ್ಲ.

ಧಾಟಿ ಹಿಡಿದು ಓದುವವರನ್ನು ಮೋಸಗೊಳಿಸುವುದು ಸುಲಭ. ಬಿಟಿ ಹತ್ತಿಯ ಕಥೆ ಬರುವುದು ಇಲ್ಲಿಗೆ.

ಬಿಟಿ ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಮಣ್ಣಿನ ಒಂದು ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾತ ಇದನ್ನು ಸತ್ತ ರೇಷ್ಮೆಹುಳುಗಳಲ್ಲಿ ಕಂಡರು. ಕಾಯಿಕೊರಕದಂಥ ಹುಳುಗಳ ಕರುಳನ್ನು ತೂತು ಮಾಡುವ ಪ್ರೋಟೀನ್ ಇದರಲ್ಲಿದೆ. 1980ರ ದಶಕದಲ್ಲಿ ಅದರ ವಂಶವಾಹಿಯನ್ನು ತಂಬಾಕು, ಟೊಮೆಟೊ ಗಿಡಗಳೊಳಗೆ ಸೇರಿಸಿದರು. ವಂಶವಾಹಿ ಒಳಗೆ ಕೂತಿತು. ಪ್ರೋಟೀನ್ ಮಾತ್ರ ಹುಳು ಸಾಯುವಷ್ಟು ತಯಾರಾಗಲಿಲ್ಲ. ಎಷ್ಟೇ ಬಲವಾಗಿ ನಕಲು ಶುರು ಮಾಡಿಸಿದರೂ ಅಷ್ಟೆ.

ಕಾರಣ ಹಲವು, ಒಂದು ಬಹಳ ಸ್ವಾರಸ್ಯದ್ದು. ಈ ಬ್ಯಾಕ್ಟೀರಿಯಾದ ಬರವಣಿಗೆಯಲ್ಲಿ ‘ಎ’ ಮತ್ತು ‘ಟಿ’ ವಿಪರೀತ. ಗಿಡದ ಬಗೆಯ ಅಂಕಿತ ಬ್ಯಾಕ್ಟೀರಿಯಾದಲ್ಲಿ ಇಲ್ಲ, ಆದ್ದರಿಂದ ಆ ಅಕ್ಷರಗಳು ಎಲ್ಲಿ ಬಂದರೂ ಅದಕ್ಕೆ ಬಾಧಕವಿಲ್ಲ. ಗಿಡದ ಕಣ್ಣಿಗೆ ಅದೇ ಬರವಣಿಗೆ ಸಾಲು ಸಾಲಿಗೂ ಅಂಕಿತದಂತೆ ಕಂಡಿತು! ಮಾತಿನ ನಡುವೆಯೇ ಕತ್ತರಿ ಬಿತ್ತು, ಅಲ್ಲಿಯೇ ಸೆರಗೂ ಕೂಡಿತು. ಹೊರಗೆ ಬಂದದ್ದು ಅರ್ಧ ಓಲೆ. ಅರ್ಧ ಓಲೆಯಿಂದ ಹುಳು ಕೊಲ್ಲುವ ಪ್ರೋಟೀನ್ ಆಗುವುದಿಲ್ಲ.

ಮಾನ್ಸಾಂಟೊದಲ್ಲಿ ಪರ್ಲಾಕ್ ಮತ್ತು ಸಂಗಡಿಗರು ಕಂಡುಕೊಂಡ ಉಪಾಯ ನಮ್ಮಂಥ ಪತ್ರಿಕೆಯವರಿಗೆ ಪರಿಚಿತವಾದದ್ದೇ: ಅರ್ಥ ಕೆಡದಂತೆ ಶಬ್ದ ಬದಲಿಸುವುದು. ವಂಶವಾಹಿಯನ್ನು ಮೂರು ಮೂರು ಅಕ್ಷರದ ಶಬ್ದಗಳಾಗಿ ಓದುತ್ತಾರೆ. ಒಂದೊಂದು ಶಬ್ದಕ್ಕೆ ಒಂದು ಅಮೈನೊ ಆಮ್ಲ. ಈ ನಿಘಂಟನ್ನು ಬಿಡಿಸಿದವರಲ್ಲಿ ಅವಿಭಜಿತ ಭಾರತದಲ್ಲಿ ಹುಟ್ಟಿದ ಹರಗೋವಿಂದ ಖುರಾನಾ ಒಬ್ಬರು, 1968ರ ನೊಬೆಲ್ ಅವರಿಗೆ ಬಂದದ್ದು ಅದಕ್ಕೇ. ಶಬ್ದ 64, ಅಮೈನೊ ಆಮ್ಲ 20. ಹಾಗಾಗಿ ಸಮಾನಾರ್ಥಕ ಶಬ್ದಗಳು ಧಾರಾಳ. ‘ಎಎಟಿ’ ಎಂದರೂ ಆಸ್ಪರಜಿನ್, ‘ಎಎಸಿ’ ಎಂದರೂ ಆಸ್ಪರಜಿನ್. ‘ಎಎಎ’ ಎಂದರೂ ಲೈಸಿನ್, ‘ಎಎಜಿ’ ಎಂದರೂ ಲೈಸಿನ್. ಬ್ಯಾಕ್ಟೀರಿಯಾ ‘ಎಎಟಿ ಎಎಎ’ ಎಂದು ಬರೆದಿತ್ತು. ಒತ್ತಾಗಿ ಓದಿದರೆ ಅದೇ ಅಂಕಿತ. ಅದನ್ನು ‘ಎಎಸಿ ಎಎಜಿ’ ಎಂದು ತಿದ್ದಿ. ಪ್ರೋಟೀನ್ ಅದೇ, ಸುಳ್ಳು ಅಂಕಿತ ಮಾಯ. ಇಡೀ ವಂಶವಾಹಿಯನ್ನು ಹೀಗೆ ತಿದ್ದಿ ಬರೆದಾಗ ಗಿಡದಲ್ಲಿ ಪ್ರೋಟೀನ್ ನೂರು ಪಟ್ಟಿನವರೆಗೆ ಏರಿತು. 1991ರಲ್ಲಿ ಇದನ್ನು ಪ್ರಕಟಿಸಿದರು. ಬೇರೆ ದೋಷಗಳನ್ನೂ ಜೊತೆಗೇ ತಿದ್ದಿದ್ದರಿಂದ ಕತ್ತರಿಯ ಪಾಲು ಎಷ್ಟೆಂಬುದು ಆಗ ಖಚಿತವಾಗಲಿಲ್ಲ. ಬಿಟಿಯ ಒಂದು ವಂಶವಾಹಿಯಲ್ಲಿ ಮಾತಿನ ನಡುವೆ ಹಲವು ಕಡೆ ಗಿಡ ಕತ್ತರಿಸಿ ಸೆರಗು ಕೂಡಿಸುತ್ತದೆ ಎಂದು ಅಮೆರಿಕದ ಸಂಶೋಧಕರು ನೇರವಾಗಿ ತೋರಿಸಿದ್ದು 1998ರಲ್ಲಿ. ರಾಯಚೂರಿನ ಹೊಲದಲ್ಲಿ ಬೆಂಕಿ ಬಿದ್ದ ವರ್ಷ! ‘ಟರ್ಮಿನೇಟರ್’ ಎಂದು ನಾವು ಕೂಗುತ್ತಿದ್ದಾಗ, ವಂಶವಾಹಿಯ ಕೊನೆಯ ನಿಜವಾದ ಕಥೆ ಯಾರ ಗಮನಕ್ಕೂ ಬಾರದ ಒಂದು ಸಸ್ಯವಿಜ್ಞಾನ ಪತ್ರಿಕೆಯಲ್ಲಿತ್ತು.

ಸುಳ್ಳು ಅಂಕಿತಗಳನ್ನು ತೆಗೆದರೆ ಸಾಲದು, ಕೊನೆಯಲ್ಲಿ ನಿಜವಾದ ಅಂಕಿತವೂ ಬೇಕು. ಬ್ಯಾಕ್ಟೀರಿಯಾದ ವಂಶವಾಹಿಗೆ ಅದು ಸ್ವಂತದ್ದಿಲ್ಲವಾದ್ದರಿಂದ ಸಾಲ ತರಬೇಕು. ವಂಶವಾಹಿಯ ಕೊನೆಗೆ ಅಂಟಿಸುವ ಈ ಸಾಲದ ತುಂಡಿಗೆ ವಿಜ್ಞಾನಿಗಳು ಇಟ್ಟ ಹೆಸರೇ ಟರ್ಮಿನೇಟರ್. ‘ಇಲ್ಲಿಗೆ ಮುಗಿಯಿತು, ಕತ್ತರಿಸಿ ಸೆರಗು ಕೂಡಿಸಿ’ ಎಂದು ಹೇಳುವುದಷ್ಟೇ ಅದರ ಕೆಲಸ. 2002ರ ಮಾರ್ಚ್‌ನಲ್ಲಿ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಿಗೆ ಒಪ್ಪಿಗೆ ಸಿಕ್ಕ ಮೊದಲ ಬಿಟಿ ಹತ್ತಿಯಲ್ಲಿ ಹುಳು ಕೊಲ್ಲುವ ವಂಶವಾಹಿಯ ಕೊನೆ ಸೋಯಾ ಅವರೆಯಿಂದ ತಂದದ್ದು. ಅಂದರೆ ಮೈ ಬ್ಯಾಕ್ಟೀರಿಯಾದ್ದು, ಅಂಕಿತ ಸೋಯಾದ್ದು, ಹೊಲ ನಮ್ಮದು. 2006ರಲ್ಲಿ ಬಂದ ಎರಡನೆಯ ಪೀಳಿಗೆಯ ಬಿಟಿ ಹತ್ತಿಯಲ್ಲಿ ಸೇರಿದ ಇನ್ನೊಂದು ವಂಶವಾಹಿಯ ಕೊನೆ ‘ನಾಸ್’.

ನನ್ನನ್ನು ಬೀಳಿಸಿದ ನಾಸ್ ಇದೇ. ಆಗ್ರೊಬ್ಯಾಕ್ಟೀರಿಯಂ ಎಂಬ ಇನ್ನೊಂದು ಮಣ್ಣಿನ ಬ್ಯಾಕ್ಟೀರಿಯಾ ಗಿಡದ ಬುಡದಲ್ಲಿ ಗಂಟು ಬರಿಸುತ್ತದೆ. ತನ್ನ ಡಿಎನ್‌ಎಯ ಒಂದು ತುಂಡನ್ನು ಗಿಡದೊಳಗೆ ತೂರಿಸಿ, ತನಗೆ ಬೇಕಾದ ಆಹಾರವನ್ನು ಗಿಡದಿಂದಲೇ ಮಾಡಿಸಿಕೊಳ್ಳುವ ಚತುರ. ಗಿಡಕ್ಕೆ ಓದಿಸಬೇಕಾದ್ದರಿಂದ ಆ ತುಂಡನ್ನು ಗಿಡದ ಧಾಟಿಯಲ್ಲೇ ಬರೆದಿಟ್ಟಿದೆ, ಅಂಕಿತ ಸಮೇತ. ಅದರ ನೊಪಲೀನ್ ಸಿಂಥೇಸ್ ಎಂಬ ವಂಶವಾಹಿಯ ಕೊನೆಯ ಸುಮಾರು 250 ಅಕ್ಷರಗಳೇ ನಾಸ್ ಟರ್ಮಿನೇಟರ್. 1980ರ ದಶಕದಿಂದ ಲೆಕ್ಕವಿಲ್ಲದಷ್ಟು ಪ್ರಯೋಗಗಳಲ್ಲಿ ಬಳಸಿದ್ದರಿಂದ, ಕುಲಾಂತರಿ ಬೆಳೆಯೇ ಅಲ್ಲವೇ ಎಂದು ಪತ್ತೆ ಹಚ್ಚುವವರು ಮೊದಲು ಹುಡುಕುವ ಗುರುತುಗಳಲ್ಲಿ ಇದೂ ಒಂದು. ಪ್ರಯೋಗಾಲಯದವರು ಬರೆದದ್ದು ಇಷ್ಟೇ: ಈ ಬೀಜ ಕುಲಾಂತರಿ. ನಾನು ಓದಿಕೊಂಡದ್ದು: ಈ ಬೀಜ ಬಂಜೆ.

ಕೊನೆಯ ಗುರುತು ಎಂದರೆ ಬರಿಯ ಪೂರ್ಣವಿರಾಮ ಎಂದು ತಿಳಿಯಬೇಡಿ. ಅರಾಬಿಡಾಪ್ಸಿಸ್‌ನ ಅರ್ಧಕ್ಕಿಂತ ಹೆಚ್ಚು ವಂಶವಾಹಿಗಳಲ್ಲಿ ಕತ್ತರಿ ಬೀಳಬಹುದಾದ ಜಾಗ ಒಂದಕ್ಕಿಂತ ಹೆಚ್ಚು ಇವೆ, ಗಿಡ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಜಾನ್ ಇನ್ನೆಸ್ ಕೇಂದ್ರದ ಕ್ಯಾರೊಲಿನ್ ಡೀನ್ ಅವರ ಬಳಗ, ಗಿಡ ಯಾವಾಗ ಹೂಬಿಡಬೇಕೆಂದು ತೀರ್ಮಾನಿಸುವ ಎಫ್‌ಸಿಎ ಎಂಬ ವಂಶವಾಹಿಯನ್ನು 1997ರಲ್ಲಿ ಹಿಡಿಯಿತು. ಅದರ ಪ್ರೋಟೀನ್ ಹೆಚ್ಚಾದಾಗ ಕತ್ತರಿಯ ತಂಡದವನೊಬ್ಬನ ಕೈಹಿಡಿದು ತನ್ನದೇ ಓಲೆಯನ್ನು ನಡುವೆ ಕತ್ತರಿಸಿ ಹಾಕಿಸುತ್ತದೆ. ತನಗೆ ತಾನೇ ಕಡಿವಾಣ. ಹೂಬಿಡುವುದನ್ನು ತಡೆಹಿಡಿಯುವ ಇನ್ನೊಂದು ವಂಶವಾಹಿಯ ಬಳಿಯೂ ಇಂಥದೇ ಬೇಗನೆಯ ಕತ್ತರಿಯಿಂದ ಅದರ ಬಾಯಿ ಮುಚ್ಚಿಸುತ್ತದೆ. ಆಗ ಹೂ ಬರುತ್ತದೆ. ಒಂದು ಗಿಡದ ಹೂಬಿಡುವ ಕಾಲ ಓಲೆಯನ್ನು ಎಲ್ಲಿ ಕತ್ತರಿಸಿದರು ಎಂಬುದರ ಮೇಲೆ ನಿಂತಿದೆ ಎಂದು ಓದಿದ ದಿನ ನಾನು ಸುದ್ದಿಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಮ್ಮ ವರದಿಗಳ ಕೊನೆಯನ್ನು ಜಾಹೀರಾತಿಗಾಗಿ ಕತ್ತರಿಸುವವರಿಗೆ ಅದರಿಂದ ಏನೂ ಅನಿಸಲಿಲ್ಲ, ಆ ಮಾತು ಬೇರೆ.

ಈಗ ಚಹದ ಹೊತ್ತಿನ ಪ್ರಶ್ನೆಗೆ ಬರುತ್ತೇನೆ. ಅಜ್ಜಾವರೆ, ನಿಮ್ಮ ಹತ್ತಿಯಲ್ಲಿ ಟರ್ಮಿನೇಟರ್ ಇದೆ. ಬಿಟಿ ಹತ್ತಿಯಲ್ಲಿ ಮಾತ್ರವಲ್ಲ, ಜಯಧರದಂಥ ಹಳೆಯ ನಾಟಿ ಹತ್ತಿಯಲ್ಲೂ, ನಿಮ್ಮ ಕಬ್ಬಿನಲ್ಲೂ, ಜೋಳದಲ್ಲೂ ಇದೆ. ಪ್ರತಿಯೊಂದು ವಂಶವಾಹಿಗೂ ಒಂದು ಕೊನೆ ಇದ್ದೇ ಇದೆ. ಬೀಜ ಬಂಜೆ ಮಾಡುವ ಟರ್ಮಿನೇಟರ್ ಇಲ್ಲ.

‘ಹಂಗಾದ್ರ ಬೀಜಾ ಯಾಕ ವರ್ಷಾ ಕೊಳ್ಳಬೇಕು?’ ಎಂದು ನೀವು ಕೇಳಿಯೇ ಕೇಳುತ್ತೀರಿ. ಕಾರಣ ನಮ್ಮ ಪಕ್ಕದ ಧಾರವಾಡದಲ್ಲೇ ಇದೆ. ಅಲ್ಲಿ ಡಾ. ಬಿ.ಎಚ್. ಕಟರಕಿಯವರು 1972ರಲ್ಲಿ ಎರಡು ಬೇರೆ ಬೇರೆ ಹತ್ತಿ ಜಾತಿಗಳನ್ನು ಕೂಡಿಸಿ ವರಲಕ್ಷ್ಮಿ ಎಂಬ ಹೈಬ್ರಿಡ್ ತಂದರು. ನಿಮ್ಮಲ್ಲಿ ಕೆಲವರು ಅದನ್ನು ಬೆಳೆದೂ ಇರಬಹುದು. ಹೈಬ್ರಿಡ್‌ನ ಬೀಜ ಬಂಜೆಯಲ್ಲ, ಇಟ್ಟು ಬಿತ್ತಿದರೆ ಮೊಳೆಯುತ್ತದೆ. ಆದರೆ ಎರಡನೆಯ ವರ್ಷ ಗಿಡಗಳು ಒಂದರಂತೆ ಒಂದಿರುವುದಿಲ್ಲ. ಒಂದು ಅಪ್ಪನನ್ನು ಹೋಲಿದರೆ ಇನ್ನೊಂದು ಅವ್ವನನ್ನು, ಇಳುವರಿ ಇಳಿಯುತ್ತದೆ. ನಮ್ಮ ದೇಶದಲ್ಲಿ ಬಿಟಿಯನ್ನು ಮಾರಿದ್ದು ಬಹುಪಾಲು ಹೈಬ್ರಿಡ್‌ಗಳಲ್ಲಿ ಕೂರಿಸಿಯೇ. ಕಂಪನಿಗೆ ಬಂಜೆ ಬೀಜದ ತಂತ್ರ ಬೇಕಾಗಲೇ ಇಲ್ಲ.

ಇಟ್ಟುಕೊಂಡು ಬಿತ್ತಬಹುದಾದ ಬಿಟಿ ತಳಿಯ ಒಂದು ಪ್ರಯತ್ನವೂ ನಡೆಯಿತು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೇರಿ ತಂದ ಬಿಕಾನೇರಿ ನರ್ಮಾ ಬಿಟಿಗೆ 2008ರಲ್ಲಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಬೀಜ ರೈತರ ಕೈಗೂ ಬಂತು. ಅದರಲ್ಲಿ ಮಾನ್ಸಾಂಟೊದ ವಂಶವಾಹಿ ಬೆರೆತಿದೆ ಎಂದು ಕಂಡು ಹಿಂದಕ್ಕೆ ಪಡೆದರು; 2012ರಲ್ಲಿ ಸೋಪೊರಿ ಸಮಿತಿ ವರದಿ ಕೊಟ್ಟಿತು. ಅಲ್ಲಿಗೆ ಆ ದಾರಿ ಬಹುಕಾಲ ಮುಚ್ಚಿತು. ಈ ನಡುವೆ ಗುಲಾಬಿ ಕಾಯಿಕೊರಕ ಎರಡೂ ಬಿಟಿ ಪ್ರೋಟೀನ್‌ಗಳನ್ನು ಅರಗಿಸಿಕೊಳ್ಳುವುದನ್ನು ಕಲಿತುಬಿಟ್ಟಿದೆ. ಬೀಜದ ಬೆಲೆ, ಔಷಧದ ಖರ್ಚು, ಹುಳುವಿನ ಕಾಟ, ಬಿತ್ತನೆ ಬೀಜ ಕೈಯಲ್ಲಿಲ್ಲದ ಪರಾಧೀನತೆ, ನಿಮ್ಮ ಈ ದೂರುಗಳೆಲ್ಲ ನಿಜ. ಬರೆಯಬೇಕಾದ ಸುದ್ದಿ ಇವೇ ಆಗಿದ್ದವು. ನಾನು ಬರೆದದ್ದು ಇಲ್ಲದ ಟರ್ಮಿನೇಟರ್ ಬಗ್ಗೆ.

ಆ ವರದಿಯ ಕತ್ತರಿಸಿದ ತುಂಡು ಮತ್ತು ತಿದ್ದುಪಡಿ ಎರಡನ್ನೂ ತಂದಿದ್ದೇನೆ. ಮೇಜಿನ ಮೇಲಿದೆ, ಹೋಗುವಾಗ ನೋಡಿ. ಈಗ ನಿಮ್ಮ ಪ್ರಶ್ನೆಗಳು.